ಎರೆಯ ಹಾದಿ, ಹಿಮದ ಹಾದಿ

ಮಾಗಿಯ ಮುಂಜಾವು. ಬಳಗಾನೂರಿನ ಸುತ್ತಣ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿದೆ. ರಾತ್ರಿಯೆಲ್ಲ ಭತ್ತ ಹೊತ್ತ ಟ್ರ್ಯಾಕ್ಟರುಗಳು ಗದ್ದೆಯಿಂದ ಡಾಂಬರು ರಸ್ತೆಗೆ ಏರಿವೆ. ಅವುಗಳ ಗಾಲಿಗಳಿಗೆ ಮೆತ್ತಿದ ಎರೆಮಣ್ಣು ಹೆಂಟೆಹೆಂಟೆಯಾಗಿ ರಸ್ತೆಯ ಮೇಲೆ ಉದುರಿ, ಹಿಂದೆ ಬಂದ ವಾಹನಗಳ ಅಡಿಯಲ್ಲಿ ಅರೆದು, ತೆಳ್ಳನೆಯ ಲೇಪವಾಗಿ ಹರಡಿದೆ. ಬೆಳಗಿನ ಇಬ್ಬನಿ ಆ ಲೇಪವನ್ನು ನೆನೆಸಿದೆ. ಸಿಂಧನೂರಿನ ಕಾಲೇಜಿಗೆ ಹೊರಟ ವಿದ್ಯಾರ್ಥಿಯೊಬ್ಬನು ಮೋಟಾರು ಸೈಕಲಿನ ಮೇಲೆ ವೇಗವಾಗಿ ಬರುತ್ತಿದ್ದಾನೆ ಎಂದು ಊಹಿಸಿಕೊಳ್ಳಿ. ಎಮ್ಮೆಯೊಂದು ರಸ್ತೆಗೆ ಅಡ್ಡ ಬರುತ್ತದೆ. ಅವನು ಬ್ರೇಕನ್ನು ಬಲವಾಗಿ ಹಿಡಿಯುತ್ತಾನೆ. ಚಕ್ರ ನಿಲ್ಲುತ್ತದೆ, ವಾಹನ ನಿಲ್ಲುವುದಿಲ್ಲ.

ಬಳಗಾನೂರಿನಲ್ಲಿ ಹಿಮ ಬೀಳುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆ ಬಿಸಿಲಿಗೆ ಹೆಸರಾದದ್ದು. ಆದರೂ ಮನಾಲಿಯ ಹಾದಿಯಲ್ಲಿ ಹಿಮದ ಮೇಲೆ ಜಾರುವ ಕಾರಿಗೂ ಎರೆನೆಲದ ಹಾದಿಯಲ್ಲಿ ಜಾರುವ ಈ ಮೋಟಾರು ಸೈಕಲಿಗೂ ಒಂದೇ ನಿಯಮ ಅನ್ವಯಿಸುತ್ತದೆ. ಹಿಮದೇಶದ ಜನರು ನೂರಾರು ಅಪಘಾತಗಳ ಬೆಲೆ ತೆತ್ತು ಕಲಿತ ಪಾಠಗಳಲ್ಲಿ ಬಹುಪಾಲು ನಮ್ಮ ಊರಿನ ಹಾದಿಗೂ ಸಲ್ಲುವಂಥವು. ಆ ಪಾಠಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಅವುಗಳ ಹಿಂದಿರುವ ಲೆಕ್ಕವನ್ನು ತಿಳಿಯುವುದು ಮೇಲು. ಲೆಕ್ಕ ತಿಳಿದವನಿಗೆ ನಿಯಮ ತಾನಾಗಿಯೇ ನೆನಪಿರುತ್ತದೆ.

ಅಂಗೈಯಗಲದ ಆಸರೆ

ವಾಹನವನ್ನು ಓಡಿಸುವುದು ಎಂಜಿನು, ನಿಲ್ಲಿಸುವುದು ಬ್ರೇಕು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಇದು ಅರ್ಧ ಸತ್ಯ. ಎಂಜಿನು ಚಕ್ರವನ್ನು ತಿರುಗಿಸಬಲ್ಲುದು, ಬ್ರೇಕು ಚಕ್ರವನ್ನು ತಡೆಯಬಲ್ಲುದು, ಅಷ್ಟೇ. ವಾಹನವನ್ನು ಮುಂದಕ್ಕೆ ತಳ್ಳುವುದೂ ಹಿಂದಕ್ಕೆ ಹಿಡಿಯುವುದೂ ರಸ್ತೆಯೇ. ಚಕ್ರವು ನೆಲವನ್ನು ಒಂದು ದಿಕ್ಕಿಗೆ ನೂಕಿದರೆ ನೆಲವು ಚಕ್ರವನ್ನು ವಿರುದ್ಧ ದಿಕ್ಕಿಗೆ ನೂಕುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಈ ಪರಸ್ಪರ ನೂಕಾಟ ನಡೆಯಬೇಕಾದರೆ ಟೈರಿಗೂ ನೆಲಕ್ಕೂ ನಡುವೆ ಘರ್ಷಣೆ ಇರಬೇಕು.

ಕಾರಿನ ಒಂದು ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಇಂಥ ನಾಲ್ಕು ಅಂಗೈಗಳ ಆಸರೆಯಿಂದ ಒಂದು ಟನ್ನಿಗೂ ಮಿಕ್ಕಿದ ಕಾರು ಓಡಬೇಕು, ತಿರುಗಬೇಕು, ನಿಲ್ಲಬೇಕು. ಮೋಟಾರು ಸೈಕಲಿಗಾದರೋ ಇನ್ನೂ ಚಿಕ್ಕವಾದ ಎರಡೇ ಆಸರೆಗಳು.

ನೆಲದ ಹಿಡಿತವನ್ನು ಅಳೆಯಲು ವಿಜ್ಞಾನಿಗಳು ಘರ್ಷಣ ಗುಣಾಂಕ ಎಂಬ ಸಂಖ್ಯೆಯನ್ನು ಬಳಸುತ್ತಾರೆ. ವಾಹನದ ತೂಕದಲ್ಲಿ ಎಷ್ಟು ಪಾಲಿನಷ್ಟು ಬಲವನ್ನು ನೆಲವು ಅಡ್ಡಲಾಗಿ ಒದಗಿಸಬಲ್ಲುದು ಎಂಬುದನ್ನು ಅದು ಹೇಳುತ್ತದೆ. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಇದು ಸುಮಾರು ೦.೭. ಮಳೆಯಿಂದ ನೆನೆದ ರಸ್ತೆಯಲ್ಲಿ ಸುಮಾರು ೦.೪. ತುಳಿದು ಗಟ್ಟಿಯಾದ ಹಿಮದ ಮೇಲೆ ೦.೨ರ ಆಸುಪಾಸು. ನುಣುಪಾದ ಮಂಜುಗಡ್ಡೆಯ ಮೇಲೆ ೦.೧, ಕೆಲವೊಮ್ಮೆ ಅದಕ್ಕೂ ಕಡಿಮೆ. ಎರೆಯ ಕೆಸರಿಗೆ ಒಂದೇ ಸಂಖ್ಯೆಯನ್ನು ಕೊಡಲಾಗದು, ನೀರಿನ ಪ್ರಮಾಣದೊಡನೆ ಅದು ಬದಲಾಗುತ್ತ ಹೋಗುತ್ತದೆ. ಜಾರುವ ಸ್ಥಿತಿಯಲ್ಲಿ ಅದು ನೆನೆದ ಡಾಂಬರಿನ ಮಟ್ಟದಿಂದ ಇಳಿದು ಹಿಮದ ಮಟ್ಟದ ಕಡೆಗೆ ಸಾಗುತ್ತದೆ ಎಂದರೆ ಸಾಕು.

ನಿಲ್ಲಲು ಬೇಕಾದ ದೂರ

ಈಗ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಸ್ವಲ್ಪ ಉಪಯೋಗಿಸೋಣ. ವಾಹನ ನಿಲ್ಲಲು ಬೇಕಾದ ದೂರ ತಿಳಿಯಬೇಕಾದರೆ ವೇಗದ ವರ್ಗವನ್ನು ಘರ್ಷಣ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷ ಇವುಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಗಂಟೆಗೆ ೬೦ ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು ೧೭ ಮೀಟರು. ಆ ವೇಗದಲ್ಲಿ ಬ್ರೇಕು ಹಿಡಿದ ಮೇಲೆ ಒಣರಸ್ತೆಯಲ್ಲಿ ವಾಹನ ೨೦ ಮೀಟರು ಸಾಗಿ ನಿಲ್ಲುತ್ತದೆ. ನೆನೆದ ರಸ್ತೆಯಲ್ಲಿ ೩೫ ಮೀಟರು. ಗಟ್ಟಿ ಹಿಮದ ಮೇಲೆ ಸುಮಾರು ೭೦ ಮೀಟರು. ಮಂಜುಗಡ್ಡೆಯ ಮೇಲೆ ಸುಮಾರು ೧೪೦ ಮೀಟರು!

ಇದರೊಡನೆ ಇನ್ನೊಂದು ದೂರವನ್ನೂ ಕೂಡಿಸಬೇಕು. ಅಡ್ಡಿಯನ್ನು ಕಣ್ಣು ಕಂಡು, ಮೆದುಳು ತಿಳಿದು, ಕೈಕಾಲು ಬ್ರೇಕನ್ನು ಮುಟ್ಟುವುದರೊಳಗೆ ಎಚ್ಚರವಾಗಿರುವ ಮನುಷ್ಯನಿಗೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ವಾಹನ ೧೭ ಮೀಟರು ಮುಂದೆ ಹೋಗಿರುತ್ತದೆ. ಮೊಬೈಲಿನ ಮೇಲೆ ಕಣ್ಣಿಟ್ಟವನಿಗೆ ಈ ದೂರ ಎಷ್ಟಾದೀತೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ಈ ಲೆಕ್ಕದಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ದೂರವು ವೇಗದ ವರ್ಗವನ್ನು ಅನುಸರಿಸುವುದು. ವೇಗವನ್ನು ಅರ್ಧಕ್ಕೆ ಇಳಿಸಿದರೆ ಬ್ರೇಕಿನ ದೂರ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಗಂಟೆಗೆ ೩೦ ಕಿಲೋಮೀಟರಿನಲ್ಲಿ ಹಿಮದ ಮೇಲೆ ಸಹ ವಾಹನ ೧೮ ಮೀಟರಿನೊಳಗೆ ನಿಲ್ಲುತ್ತದೆ. ಒಣರಸ್ತೆಯಲ್ಲಿ ೬೦ರ ವೇಗದಿಂದ ನಿಲ್ಲುವ ದೂರಕ್ಕಿಂತ ಇದು ಕಡಿಮೆ. ನೆಲ ಕಸಿದುಕೊಂಡದ್ದನ್ನು ವೇಗ ತಗ್ಗಿಸುವವನು ಮರಳಿ ಪಡೆಯಬಲ್ಲ. ಎರಡನೆಯದು, ಈ ಲೆಕ್ಕದಲ್ಲಿ ತೂಕದ ಮಾತೇ ಇಲ್ಲ. ಭಾರವಾದ ವಾಹನಕ್ಕೆ ನೆಲದ ಹಿಡಿತ ಹೆಚ್ಚು, ತಡೆಯಬೇಕಾದ ಜಡತ್ವವೂ ಅಷ್ಟೇ ಹೆಚ್ಚು. ಆದ್ದರಿಂದ ದೊಡ್ಡ ಗಾಡಿ ಜಾರುವುದಿಲ್ಲವೆಂಬ ನಂಬಿಕೆ ಬರಿಯ ಭ್ರಮೆ. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಒದಗುವ ಜೀಪಿನಂಥ ವಾಹನಗಳೂ ಇದಕ್ಕೆ ಹೊರತಲ್ಲ. ಅವು ಕೆಸರಿನಿಂದ ಸುಲಭವಾಗಿ ಹೊರಡಬಲ್ಲವು, ನಿಲ್ಲುವಾಗ ಮಾತ್ರ ಉಳಿದ ವಾಹನಗಳಂತೆಯೇ.

ಎರೆಮಣ್ಣು ಏಕೆ ಜಾರುತ್ತದೆ?

ಎರೆಹೊಲದಲ್ಲಿ ಮಳೆಗೆ ಸಿಕ್ಕಿದವರೆಲ್ಲ ಒಂದು ಸೋಜಿಗವನ್ನು ಕಂಡಿರುತ್ತಾರೆ. ಆ ಮಣ್ಣು ಒಮ್ಮೆ ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುವಷ್ಟು ಅಂಟುತ್ತದೆ. ಇನ್ನೊಮ್ಮೆ ಕಾಲೂರಲು ಬಿಡದಂತೆ ಜಾರುತ್ತದೆ. ಅಂಟು, ಜಾರು ಎರಡೂ ಒಂದೇ ಮಣ್ಣಿನ ಗುಣಗಳಾಗಲು ಹೇಗೆ ಸಾಧ್ಯ?

ಎರೆಮಣ್ಣಿನಲ್ಲಿ ಮಾಂಟ್ಮಾರಿಲೊನೈಟ್ ಎಂಬ ಜಾತಿಯ ಜೇಡಿ ಖನಿಜಗಳು ಹೇರಳವಾಗಿವೆ. ಫ್ರಾನ್ಸಿನ ಮಾಂಟ್ಮಾರಿಲಾನ್ ಎಂಬ ಊರಿನಿಂದ ಆ ಹೆಸರು ಬಂದಿದೆ. ಇದರ ರಚನೆಯನ್ನು ಒಂದರ ಮೇಲೊಂದು ಇಟ್ಟ ಜೋಳದ ರೊಟ್ಟಿಗಳ ಅಟ್ಟಿಗೆ ಹೋಲಿಸಬಹುದು. ಒಂದೊಂದು ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದಷ್ಟು. ಪದರಗಳ ನಡುವಣ ಬಂಧ ಬಲವಾದುದಲ್ಲವಾಗಿ ನೀರಿನ ಅಣುಗಳು ಅಲ್ಲಿ ಸುಲಭವಾಗಿ ನುಸುಳುತ್ತವೆ. ಪದರಗಳು ದೂರ ಸರಿದು ಮಣ್ಣು ಉಬ್ಬುತ್ತದೆ. ಬೇಸಗೆಯಲ್ಲಿ ಆ ನೀರು ಹೊರಟುಹೋದಾಗ ಅದೇ ಮಣ್ಣು ಕುಗ್ಗಿ, ಹೊಲದಲ್ಲಿ ಕೈ ಇಳಿಯುವಂಥ ಬಿರುಕುಗಳು ಬಿಡುತ್ತವೆ. ಶುದ್ಧವಾದ ಒಂದು ಗ್ರಾಮು ಮಾಂಟ್ಮಾರಿಲೊನೈಟಿನ ಪದರಗಳನ್ನೆಲ್ಲ ಬಿಡಿಸಿ ಹರಡಲು ಸಾಧ್ಯವಾದರೆ, ಅವುಗಳ ಒಟ್ಟು ಮೇಲ್ಮೈ ೭೦೦ ಚದರ ಮೀಟರಿಗೂ ಮಿಕ್ಕೀತು. ಐದು ಕಬಡ್ಡಿ ಅಂಗಣಗಳನ್ನು ಒಂದು ಚಿಟಿಕೆ ಮಣ್ಣು ಹೊದಿಸಬಲ್ಲುದು!

ಇಷ್ಟು ವಿಶಾಲವಾದ ಮೇಲ್ಮೈ ನೀರನ್ನು ಹಿಡಿದುಕೊಂಡಾಗ ಮಣ್ಣಿನ ಗುಣ ನೀರಿನ ಪ್ರಮಾಣವನ್ನು ಅವಲಂಬಿಸುತ್ತದೆ. ಸ್ವೀಡನ್ನಿನ ಆಲ್ಬರ್ಟ್ ಅಟರ್‌ಬರ್ಗ್ ಎಂಬ ವಿಜ್ಞಾನಿ ೧೯೧೧ರಲ್ಲಿ ಇದಕ್ಕೆ ಮೇರೆಗಳನ್ನು ಗುರುತಿಸಿದನು. ನೀರು ಕಡಿಮೆಯಿದ್ದಾಗ ಜೇಡಿ ಗಟ್ಟಿ. ಹೆಚ್ಚಿದಂತೆ ಕಣಕದಂತೆ ನಾದಬಹುದಾದ ಸ್ಥಿತಿ. ಇನ್ನೂ ಹೆಚ್ಚಿದರೆ ಹರಿಯುವ ಸ್ಥಿತಿ. ನಾದುವ ಸ್ಥಿತಿಯಲ್ಲಿ ಎರೆ ಅಂಟುತ್ತದೆ, ಹರಿಯುವ ಸ್ಥಿತಿಯಲ್ಲಿ ಜಾರುತ್ತದೆ. ಡಾಂಬರಿನ ಮೇಲೆ ಹರಡಿದ ತೆಳುಲೇಪಕ್ಕೆ ಹರಿಯುವ ಸ್ಥಿತಿ ಬರಲು ದೊಡ್ಡ ಮಳೆ ಬೇಕಾಗಿಲ್ಲ. ಇಬ್ಬನಿ ಅಥವಾ ಜಿಟಿಜಿಟಿ ಹನಿ ಸಾಕು. ಆಗ ಆ ಲೇಪ ಟೈರಿಗೂ ಡಾಂಬರಿಗೂ ನಡುವೆ ಕೀಲೆಣ್ಣೆಯಂತೆ ವರ್ತಿಸುತ್ತದೆ. ಜೋರು ಮಳೆ ಬಹಳ ಹೊತ್ತು ಸುರಿದರೆ ಲೇಪ ತೊಳೆದುಹೋಗಿ ಹಿಡಿತ ಸ್ವಲ್ಪಮಟ್ಟಿಗೆ ಮರಳುವುದೂ ಉಂಟು. ಪೂರ್ತಿ ಒಣಗಿದುದಕ್ಕಿಂತಲೂ ಪೂರ್ತಿ ತೊಳೆದುದಕ್ಕಿಂತಲೂ ಅರೆನೆನೆದ ಹಾದಿಯೇ ಹೆಚ್ಚು ಮೋಸಕರ.

ಹಿಮ ಏಕೆ ಜಾರುತ್ತದೆ?

ಹಿಮದ ಕಥೆಯೂ ತೆಳುವಾದ ಪದರದ ಕಥೆಯೇ. ಮಂಜುಗಡ್ಡೆಯ ಮೇಲ್ಮೈಯಲ್ಲಿ ನೀರಿನಂಥ ತೆಳುಪದರವೊಂದು ಸದಾ ಇರಬೇಕೆಂದು ಮೈಕೇಲ್ ಫ್ಯಾರಡೆ ೧೮೫೦ರಲ್ಲಿಯೇ ಸೂಚಿಸಿದ್ದನು. ೧೮೮೬ರಲ್ಲಿ ಜಾನ್ ಜೋಲಿ ಎಂಬಾತನು, ಒತ್ತಡದಿಂದ ಮಂಜು ಕರಗುವುದೇ ಜಾರಿಕೆಗೆ ಕಾರಣವೆಂದನು. ಈ ವಿವರಣೆ ಬಹುಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಆದರೆ ಕಡುಚಳಿಯಲ್ಲಿ ಮಂಜನ್ನು ಕರಗಿಸುವಷ್ಟು ಒತ್ತಡ ಮನುಷ್ಯನ ತೂಕದಿಂದ ಹುಟ್ಟುವುದಿಲ್ಲ. ೧೯೩೯ರಲ್ಲಿ ಬೋಡನ್ ಮತ್ತು ಹ್ಯೂಸ್ ಎಂಬವರು, ತಿಕ್ಕಾಟದ ಶಾಖವೇ ಮಂಜನ್ನು ಕರಗಿಸುತ್ತದೆಂದು ಪ್ರಯೋಗಗಳಿಂದ ತೋರಿಸಿದರು. ಇತ್ತೀಚಿನ ಸಂಶೋಧನೆಗಳು ಫ್ಯಾರಡೆಯ ಸೂಚನೆಗೆ ಮರಳಿವೆ. ಮಂಜಿನ ಒಳಗಿರುವ ಅಣುಗಳು ನೆರೆಯ ಅಣುಗಳಿಗೆ ಎಲ್ಲ ಕಡೆಯಿಂದಲೂ ಬಿಗಿದುಕೊಂಡಿರುತ್ತವೆ. ಮೇಲ್ಮೈಯ ಅಣುಗಳಿಗೆ ಮೇಲುಗಡೆ ನೆರೆಯೇ ಇಲ್ಲದುದರಿಂದ ಅವು ಸಡಿಲವಾಗಿ ಅತ್ತಿತ್ತ ಉರುಳಬಲ್ಲವು. ಅವೇ ಜಾರುವ ಪದರ.

ವಾಹನ ನಡೆಸುವವರಿಗೆ ಇದರಿಂದ ತಿಳಿಯುವುದೇನು? ಶೂನ್ಯ ಡಿಗ್ರಿಯ ಸಮೀಪದಲ್ಲಿ ಮೇಲೆ ನೀರು ಒಸರುವ ಮಂಜು, ಕಡುಚಳಿಯ ಒಣಮಂಜಿಗಿಂತ ಬಹಳ ಹೆಚ್ಚಾಗಿ ಜಾರುತ್ತದೆ. ಇಲ್ಲಿಯೂ ಅರೆಸ್ಥಿತಿಯೇ ಅಪಾಯಕರ. ಹಿಮದೇಶದವರು ಬಹಳ ಅಂಜುವುದು ಬಿಳಿಯ ಹಿಮರಾಶಿಗಲ್ಲ. ರಸ್ತೆಯ ಕಪ್ಪುಬಣ್ಣ ಕಾಣುವಂತೆ ಪಾರದರ್ಶಕವಾಗಿ ಹೆಪ್ಪುಗಟ್ಟಿದ ತೆಳುಮಂಜಿಗೆ. ಮರದ ನೆರಳು ಬಿದ್ದಲ್ಲಿಯೂ, ಕೆಳಗಿನಿಂದ ತಂಗಾಳಿ ತಾಗುವ ಸೇತುವೆಗಳ ಮೇಲೆಯೂ ಅದು ಮೊದಲು ಕಟ್ಟುತ್ತದೆ. ಇಬ್ಬನಿಯಲ್ಲಿ ನೆನೆದ ಎರೆಲೇಪವೂ ಅಂಥದೇ. ಕಪ್ಪು ಡಾಂಬರಿನ ಮೇಲೆ ಕಪ್ಪು ಮಣ್ಣು ಕಣ್ಣಿಗೆ ಬೀಳುವುದೇ ಇಲ್ಲ.

ಒಂದೇ ಬೊಕ್ಕಸ, ಮೂರು ಖರ್ಚು

ಜಾರುವ ಹಾದಿಯ ಎಲ್ಲ ನಿಯಮಗಳಿಗೂ ತಾಯಿಬೇರಾದ ಸಂಗತಿಯೊಂದಿದೆ. ವೇಗ ಹೆಚ್ಚಿಸಲು ಒಂದು ಹಿಡಿತ, ತಿರುಗಲು ಇನ್ನೊಂದು, ನಿಲ್ಲಲು ಮತ್ತೊಂದು ಎಂದು ನೆಲವು ಬೇರೆಬೇರೆಯಾಗಿ ಕೊಡುವುದಿಲ್ಲ. ಎಲ್ಲಕ್ಕೂ ಒಂದೇ ಬೊಕ್ಕಸ. ತಿರುವಿನಲ್ಲಿ ಆ ಹಿಡಿತದ ಬಹುಪಾಲು ಖರ್ಚಾಗಿರುವಾಗಲೇ ಬ್ರೇಕನ್ನೂ ಒತ್ತಿದರೆ ಬೊಕ್ಕಸ ಬರಿದಾಗುತ್ತದೆ. ಬರಿದಾದ ಕ್ಷಣದಲ್ಲಿ ವಾಹನವು ಚಾಲಕನ ಮಾತನ್ನು ಬಿಟ್ಟು ಜಡತ್ವದ ಮಾತನ್ನು ಕೇಳುತ್ತದೆ, ನೇರವಾಗಿ ಹೋಗುತ್ತದೆ. ಎಂಜಿನಿಯರುಗಳು ಇದನ್ನು ಘರ್ಷಣೆಯ ವೃತ್ತವೆಂದು ಕರೆಯುತ್ತಾರೆ.

೫೦ ಮೀಟರು ತ್ರಿಜ್ಯವುಳ್ಳ ಸಮತಟ್ಟಾದ ತಿರುವನ್ನು ಒಣರಸ್ತೆಯಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು ೬೭ ಕಿಲೋಮೀಟರು ವೇಗದಲ್ಲಿ ದಾಟಬಹುದು. ಗುಣಾಂಕ ೦.೨ಕ್ಕೆ ಇಳಿದಾಗ ಈ ಮೇರೆ ೩೬ ಕಿಲೋಮೀಟರಿಗೆ ಇಳಿಯುತ್ತದೆ. ಇದು ಬೊಕ್ಕಸದ ಕೊನೆಯ ಕಾಸನ್ನೂ ತಿರುವಿಗೇ ಕೊಟ್ಟಾಗಿನ ಲೆಕ್ಕ. ಬ್ರೇಕಿಗೆ ಸ್ವಲ್ಪ ಉಳಿಯಬೇಕಾದರೆ ಇನ್ನೂ ನಿಧಾನವಾಗಿಯೇ ಹೋಗಬೇಕು.

ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರವು ಉರುಳುವುದನ್ನು ಬಿಟ್ಟು ಉಜ್ಜತೊಡಗಿದರೆ ಬೇರೊಂದು ಹಾನಿಯುಂಟು. ಉರುಳದ ಚಕ್ರಕ್ಕೆ ದಿಕ್ಕು ಬದಲಿಸುವ ಶಕ್ತಿಯಿಲ್ಲ. ಹ್ಯಾಂಡಲನ್ನು ಎತ್ತ ತಿರುಗಿಸಿದರೂ ವಾಹನ ಹೊರಳದು. ಇದನ್ನು ತಪ್ಪಿಸಲೆಂದೇ ಎ.ಬಿ.ಎಸ್. ಎಂಬ ಸಾಧನವಿದೆ. ಚಕ್ರ ನಿಂತುಹೋಗುವ ಸೂಚನೆ ಕಂಡೊಡನೆ ಅದು ಬ್ರೇಕನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುತ್ತದೆ. ನಮ್ಮ ದೇಶದಲ್ಲಿ ೨೦೧೯ರ ಏಪ್ರಿಲಿನಿಂದ ೧೨೫ ಸಿ.ಸಿ.ಗೆ ಮೇಲ್ಪಟ್ಟ ಹೊಸ ಮೋಟಾರು ಸೈಕಲುಗಳೆಲ್ಲಕ್ಕೂ ಇದು ಕಡ್ಡಾಯವಾಯಿತು. ಆದರೆ ಎ.ಬಿ.ಎಸ್. ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು. ಇರುವುದನ್ನು ಚೆನ್ನಾಗಿ ಬಳಸುತ್ತದೆ, ಅಷ್ಟೆ. ಸಡಿಲವಾದ ಹಿಮದಲ್ಲಿ ಅದು ನಿಲ್ಲುವ ದೂರವನ್ನು ಕೆಲವೊಮ್ಮೆ ಹೆಚ್ಚಿಸುವುದೂ ಉಂಟು.

ನಡೆಸುವವರ ವಿವೇಕ

ಲೆಕ್ಕ ತಿಳಿದ ಮೇಲೆ ಆಚರಣೆ ಸುಲಭ. ಜಾರುವ ಹಾದಿಯಲ್ಲಿ ಯಾವುದನ್ನೂ ಥಟ್ಟನೆ ಮಾಡಬಾರದು. ವೇಗವನ್ನು ತಿರುವಿಗೆ ಮೊದಲೇ, ವಾಹನ ನೇರವಾಗಿರುವಾಗಲೇ ತಗ್ಗಿಸಬೇಕು. ತಿರುವಿನೊಳಗೆ ಬ್ರೇಕನ್ನು ಮುಟ್ಟದಿರುವುದು ಲೇಸು. ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಬಂದು, ಎಂಜಿನಿನ ತಡೆಯಿಂದಲೇ ನಿಧಾನವಾಗಿ ಇಳಿಯಬೇಕು. ಒಣರಸ್ತೆಯಲ್ಲಿ ಮುಂದಿನ ವಾಹನದಿಂದ ಎರಡು ಸೆಕೆಂಡಿನ ಅಂತರ ಸಾಕಾದರೆ ನೆನೆದಲ್ಲಿ ನಾಲ್ಕು, ಹಿಮದಲ್ಲಿ ಅದಕ್ಕೂ ಹೆಚ್ಚು ಬೇಕು. ಮೋಟಾರು ಸೈಕಲಿನವರು ವಾಹನವನ್ನು ವಾಲಿಸದೆ ನೆಟ್ಟಗೆ ಹಿಡಿದು, ಎರಡು ಬ್ರೇಕುಗಳನ್ನೂ ಹಗುರವಾಗಿ ಒಟ್ಟಿಗೆ ಬಳಸಬೇಕು. ಕಚ್ಚಾಹಾದಿಯ ಅಂಟುಕೆಸರು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಚಕ್ರವನ್ನೇ ಕಟ್ಟಿಹಾಕೀತು. ಅಂಥ ಹಾದಿಯಲ್ಲಿ ಇಳಿದು ಗಾಡಿಯನ್ನು ನೂಕಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ.

ಕಾರು ಜಾರತೊಡಗಿದರೆ ಗಾಬರಿಯಿಂದ ಬ್ರೇಕನ್ನು ಒತ್ತಿ ಹಿಡಿಯುವುದೇ ಸಹಜ, ಅದೇ ತಪ್ಪು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಹೋಗಬೇಕಾದ ದಿಕ್ಕಿನತ್ತ ದೃಷ್ಟಿಯಿಟ್ಟು, ಸ್ಟಿಯರಿಂಗನ್ನು ಮೆಲ್ಲಗೆ ಆ ದಿಕ್ಕಿಗೆ ತಿರುಗಿಸಬೇಕು. ಚಕ್ರ ಮತ್ತೆ ಉರುಳತೊಡಗಿದಾಗ ಹಿಡಿತವೂ ಮರಳುತ್ತದೆ. ಬ್ರೇಕಿಲ್ಲದ ಟ್ರೇಲರನ್ನು ಎಳೆಯುವ ಟ್ರ್ಯಾಕ್ಟರಿಗೆ ಇನ್ನೊಂದು ಅಪಾಯವಿದೆ. ಟ್ರ್ಯಾಕ್ಟರು ನಿಂತರೂ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಅದನ್ನು ಅಡ್ಡಡ್ಡಲಾಗಿ ಮಡಚಿಬಿಡಬಹುದು.

ಟೈರಿನ ಗೀರುಗಳನ್ನು ಅಲಂಕಾರವೆಂದು ಭಾವಿಸಬಾರದು. ನೀರನ್ನು ಹೊರಗೆ ಹಾಯಿಸುವ ಕಾಲುವೆಗಳು ಅವು. ನೀರು ನಿಂತ ರಸ್ತೆಯಲ್ಲಿ ವೇಗ ಮಿತಿಮೀರಿದರೆ ಟೈರು ನೀರನ್ನು ಸೀಳಲಾರದೆ ಅದರ ಮೇಲೆ ತೇಲತೊಡಗುತ್ತದೆ. ವಿಮಾನಗಳ ಟೈರುಗಳನ್ನು ಪರೀಕ್ಷಿಸಿದ ನಾಸಾ ಸಂಸ್ಥೆಯ ಹಾರ್ನ್ ಮತ್ತು ಡ್ರೆಹರ್ ಎಂಬವರು ೧೯೬೩ರಲ್ಲಿ ಕೊಟ್ಟ ಸೂತ್ರದಂತೆ, ೩೦ ಪೌಂಡು ಒತ್ತಡದ ಟೈರು ಗಂಟೆಗೆ ಸುಮಾರು ೯೦ ಕಿಲೋಮೀಟರಿನಲ್ಲಿ ತೇಲಬಹುದು. ೨೦ ಪೌಂಡಿಗೆ ಇಳಿದರೆ ೭೫ರ ಸುಮಾರಿನಲ್ಲಿಯೇ. ಕಾರಿನ ಗೀರುಗಳ ಆಳ ೧.೬ ಮಿಲಿಮೀಟರಿಗಿಂತ ಕಡಿಮೆಯಾದರೆ ಟೈರನ್ನು ಬದಲಿಸಲೇಬೇಕು.

ಹಿಮದ ನಾಡಿಗೆ ಹೋಗುವ ಕನ್ನಡಿಗರು ಇಂದು ಕಡಿಮೆಯಿಲ್ಲ. ಸೈನಿಕರು ಲಡಾಖಿಗೆ, ಪ್ರವಾಸಿಗಳು ಮನಾಲಿಗೆ, ವಿದ್ಯಾರ್ಥಿಗಳು ಕೆನಡಾಕ್ಕೆ ಹೋಗುತ್ತಾರೆ. ೨೦೨೦ರಲ್ಲಿ ತೆರೆದ, ೯ ಕಿಲೋಮೀಟರು ಉದ್ದದ ಅಟಲ್ ಸುರಂಗವು ರೋಹ್ತಾಂಗಿನ ಎತ್ತರವನ್ನು ತಪ್ಪಿಸಿದೆ. ಆದರೆ ಅದರ ಎರಡು ಬಾಯಿಗಳ ಬಳಿಯ ರಸ್ತೆಯಲ್ಲಿ ಚಳಿಗಾಲದ ಹಿಮ ತಪ್ಪಿದ್ದಲ್ಲ. ಅಲ್ಲಿ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತುವುದುಂಟು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಚಳಿಗಾಲದ ಟೈರು ಕಡ್ಡಾಯ. ಸಾಮಾನ್ಯ ರಬ್ಬರು ಚಳಿಯಲ್ಲಿ ಗಡುಸಾಗುತ್ತದೆ. ಆ ಟೈರಿನ ರಬ್ಬರು ಮೆತುವಾಗಿಯೇ ಉಳಿದು ನೆಲವನ್ನು ಹಿಡಿಯುತ್ತದೆ. ಹಿಮದಲ್ಲಿ ಕಾರು ಹೂತುಹೋದಾಗ ಬಿಸುಪಿಗಾಗಿ ಎಂಜಿನನ್ನು ಓಡಿಸುವವರು ಮೊದಲು ಹೊಗೆಕೊಳವೆಯ ಬಾಯಿಂದ ಹಿಮವನ್ನು ತೆಗೆಯಬೇಕು. ಇಲ್ಲವಾದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ತುಂಬಿ ಪ್ರಾಣ ಹೋದೀತು.

ಹೂತ ಚಕ್ರದಡಿಗೆ ನಮ್ಮವರು ಗೋಣಿಚೀಲ, ಕಲ್ಲು, ಗರಸು ಹಾಕುತ್ತಾರೆ. ಹಿಮದೇಶದವರು ಮರಳು ಎರಚುತ್ತಾರೆ. ಅಮೆರಿಕದಲ್ಲಿ ಕೆಲವರು ಸಾಕುಬೆಕ್ಕಿನ ಮಲಕ್ಕೆಂದು ಮಾರುವ ಜೇಡಿಹರಳನ್ನು ಕಾರಿನಲ್ಲಿಟ್ಟುಕೊಳ್ಳುವುದುಂಟು. ಅದರ ಒಂದು ಬಗೆ ನೀರು ತಾಗಿದೊಡನೆ ಲೋಳೆಯಾಗಿ ಜಾರಿಕೆಯನ್ನು ಹೆಚ್ಚಿಸುತ್ತದೆ. ಏಕೆಂದರೆ ಆ ಹರಳು ನಮ್ಮ ಎರೆಯಲ್ಲಿರುವ ಮಾಂಟ್ಮಾರಿಲೊನೈಟೇ!

ಹಾದಿ ಎಲ್ಲರದು

ಚಾಲಕನೊಬ್ಬನ ಎಚ್ಚರದಿಂದಲೇ ಎಲ್ಲವೂ ಸರಿಹೋಗದು. ಎರೆಯ ಮೇಲೆ ರಸ್ತೆ ಕಟ್ಟುವ ಎಂಜಿನಿಯರುಗಳು ಮಣ್ಣಿಗೆ ಸುಣ್ಣ ಬೆರೆಸಿ ಅದರ ಉಬ್ಬುಗುಣವನ್ನು ಅಡಗಿಸುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಪದರಗಳನ್ನು ಬಿಗಿಯಾಗಿ ಹಿಡಿದು ನೀರಿಗೆ ಎಡೆ ಕೊಡುವುದಿಲ್ಲ. ಮುಂಬಯಿಯ ಐ.ಐ.ಟಿ.ಯ ಪ್ರೊಫೆಸರ್ ಆರ್. ಕೆ. ಕಟ್ಟಿಯವರು, ಉಬ್ಬದ ಮಣ್ಣಿನ ದಪ್ಪ ಪದರವೊಂದನ್ನು ಎರೆಯ ಮೇಲೆ ಹಾಸಿ ಅದನ್ನು ತಡೆಯುವ ವಿಧಾನವನ್ನು ರೂಪಿಸಿದರು. ಇವು ರಸ್ತೆಯ ಅಡಿಪಾಯವನ್ನು ಕಾಯುತ್ತವೆ. ಮೇಲೆ ಬಿದ್ದ ಕೆಸರನ್ನು ತೆಗೆಯಬೇಕಾದವರು ನಾವೇ. ಗದ್ದೆಯಿಂದ ರಸ್ತೆಗೆ ಏರುವ ಮುನ್ನ ಟ್ರ್ಯಾಕ್ಟರಿನ ಗಾಲಿಯ ಮಣ್ಣನ್ನು ಗುದ್ದಲಿಯಿಂದ ಕೆರೆದುಹಾಕಲು ಐದು ನಿಮಿಷ ಸಾಕು. ಗದ್ದೆ ರಸ್ತೆಗೆ ಕೂಡುವಲ್ಲಿ ನಾಲ್ಕು ಬುಟ್ಟಿ ಗರಸು ಹರವಿದರೆ ಗಾಲಿ ತಾನಾಗಿಯೇ ಅರ್ಧ ಮಣ್ಣನ್ನು ಬಿಡುತ್ತದೆ. ರಸ್ತೆಯ ಮೇಲೆ ಒಣಹಾಕಿದ ಭತ್ತವೂ ಇಂಥದೇ ಅಪಾಯ. ಒಂದೊಂದು ಕಾಳೂ ಟೈರಿನಡಿಯಲ್ಲಿ ಉರುಳುಗುಂಡಿನಂತೆ ಹೊರಳುತ್ತದೆ. ಒಕ್ಕಲು ಕಣ ಸಾಲದ ರೈತನ ಕಷ್ಟ ನಿಜ. ರಾತ್ರಿ ಆ ಭತ್ತದ ಮೇಲೆ ಬರುವ ಮಗನ ಕಷ್ಟವೂ ನಿಜ.

ಇನ್ನು ಆ ಮುಂಜಾವಿನ ವಿದ್ಯಾರ್ಥಿಯ ಬಳಿಗೆ ಮರಳೋಣ. ಗಂಟೆಗೆ ೬೦ ಕಿಲೋಮೀಟರಿನಲ್ಲಿ ಬಂದಿದ್ದರೆ, ಆ ಲೇಪದ ಮೇಲೆ ಎಮ್ಮೆಗೆ ಡಿಕ್ಕಿ ಹೊಡೆಯುವುದನ್ನು ಯಾವ ಜಾಣ್ಮೆಯೂ ತಪ್ಪಿಸಲಾರದು. ೩೦ರಲ್ಲಿ ಬಂದಿದ್ದರೆ ಅವನು ನಿಂತು, ಎಮ್ಮೆ ದಾಟುವವರೆಗೆ ಕಾದು, ಮುಂದೆ ಹೋಗುತ್ತಾನೆ. ೧೦ ಕಿಲೋಮೀಟರು ದೂರಕ್ಕೆ ಈ ನಿಧಾನದಿಂದ ಆಗುವ ತಡ ಹತ್ತು ನಿಮಿಷ. ಮನೆಯಿಂದ ಹತ್ತು ನಿಮಿಷ ಮೊದಲು ಹೊರಟರೆ ಸಾಕು. ಮೊದಲನೆಯ ಪಾಠವೂ ತಪ್ಪುವುದಿಲ್ಲ.